ಸಹಿ ಹಾಕಿದ ಮೇಲೂ ಆಟಗಾರ ಬೇರೆ ಕಾಲೇಜಿಗೆ ಹೋಗಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಅಮೆರಿಕಕ್ಕೆ ಓದೋಕೆ ಬಂದು ಮೂರು ತಿಂಗಳಾಗಿದೆ, ರೂಮ್‌ಮೇಟ್ ಕಾಲೇಜ್ ಫುಟ್‌ಬಾಲ್ ಹುಚ್ಚ. ಅವನ ತಂಡದ ಹುಡುಗನೊಬ್ಬ ಕಾಲೇಜಿನ ಒಪ್ಪಂದಕ್ಕೆ ಸಹಿ ಹಾಕಿ ಕೆಲವೇ ದಿನಕ್ಕೆ ಬೇರೆ ಕಾಲೇಜಿಗೆ ಹಾರಿದ ಅಂತ ಕೂಗಾಡ್ತಿದ್ದಾನೆ. ಸಹಿಗೆ ಬೆಲೆ ಇಲ್ವಾ, ಇದನ್ನ ನೋಡೋರು ಕೇಳೋರು ಯಾರೂ ಇಲ್ವಾ?

ನಾನು ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿದ್ದೀನಿ. ಶನಿವಾರ ಪಂದ್ಯ ಇದ್ದರೆ ತರಕಾರಿ ತರೋಕೂ ಬೆಳಗ್ಗೆ ಎಂಟಕ್ಕೆ ಮುಂಚೆ ಹೋಗಿ ಬರಬೇಕು, ಆಮೇಲೆ ಬೀದಿ ತುಂಬ ಕೆಂಪು ಅಂಗಿ. ಮೂರನೇ ಕ್ವಾರ್ಟರ್ ಮುಗಿದು ಕ್ಯಾಂಪ್ ರ‍್ಯಾಂಡಲ್ ಸ್ಟೇಡಿಯಂನಲ್ಲಿ ಜನ ಒಟ್ಟಿಗೆ ಕುಣಿಯೋಕೆ ಶುರು ಮಾಡಿದಾಗ ಕಾಂಕ್ರೀಟ್ ನಡುಗೋದು ಕಾಲಿಗೆ ಗೊತ್ತಾಗುತ್ತೆ. ಮೊದಮೊದಲು ನನಗೆ ಈ ಅಮೆರಿಕನ್ ಫುಟ್‌ಬಾಲ್‌ನಲ್ಲಿ, ಅಂದ್ರೆ ಚೆಂಡನ್ನ ಕೈಲಿ ಹಿಡಿದು ಓಡೋ ಆಟದಲ್ಲಿ, ಚೆಂಡು ಎಲ್ಲಿದೆ ಅಂತಲೇ ಕಾಣ್ತಿರಲಿಲ್ಲ. ಆಟಕ್ಕಿಂತ ಮೊದಲು ಅರ್ಥ ಆಗಿದ್ದು ಆಟಗಾರರ ವಲಸೆ. ಯಾಕಂದ್ರೆ ಅದು ನಮ್ಮೂರಿನ ಟಿ.ಸಿ. ಕಥೆ.

ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ನಾನು ಕಾಲೇಜು ಬದಲಾಯಿಸಬೇಕು ಅಂದಾಗ, ಉಳಿದ ವರ್ಷಗಳ ಫೀಸೂ ಕಟ್ಟು, ಆಮೇಲೆ ಟಿ.ಸಿ. ತಗೋ ಅಂದಿದ್ರು. ಪಿಯುಸಿ ಮಾರ್ಕ್ಸ್ ಕಾರ್ಡ್ ಅವರ ಬೀರುವಿನಲ್ಲಿ. ಅಪ್ಪ ಏಳು ಸಲ ಆ ಆಫೀಸಿನ ಬೆಂಚಿನ ಮೇಲೆ ಕೂತು ಬಂದ್ರು. ಇಲ್ಲೂ 2018ರವರೆಗೆ ಹೆಚ್ಚುಕಮ್ಮಿ ಇದೇ ದರ್ಬಾರು. ಬೇರೆ ಕಾಲೇಜಿನ ಕೋಚ್ ಜತೆ ಸ್ಕಾಲರ್‌ಶಿಪ್ ಮಾತಾಡಬೇಕಂದ್ರೆ ಇರೋ ಕಾಲೇಜಿನ ಅನುಮತಿ ಬೇಕಿತ್ತು. ಹೋದರೂ ಹೊಸ ಕಾಲೇಜಿನಲ್ಲಿ ಒಂದು ವರ್ಷ ಆಡದೆ ಬೆಂಚು ಕಾಯಬೇಕಿತ್ತು. ಅದೇ ಹುಡುಗನನ್ನ ಕರೆತಂದ ಕೋಚ್ ಮಾತ್ರ ಹೆಚ್ಚು ಸಂಬಳ ಸಿಕ್ಕ ಕಡೆಗೆ ರಾತ್ರೋರಾತ್ರಿ ಹೋಗಬಹುದಿತ್ತು.

2018ರ ಅಕ್ಟೋಬರ್‌ನಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ 'ಟ್ರಾನ್ಸ್‌ಫರ್ ಪೋರ್ಟಲ್' ತಂತು. ಹೆಸರು ದೊಡ್ಡದು, ಅಸಲಿಗೆ ಅದೊಂದು ನೋಟಿಸ್ ಬೋರ್ಡ್. ಹುಡುಗ ಕೇಳಿದ ಮೇಲೆ ಎರಡು ಕೆಲಸದ ದಿನದೊಳಗೆ ಕಾಲೇಜು ಅವನ ಹೆಸರು ಹಾಕಬೇಕು, ಹಾಕಿದ ಮೇಲೆ ಬೇರೆಯವರು ಮಾತಾಡಿಸಬಹುದು. 2021ರಲ್ಲಿ, ಮೊದಲ ಸಲ ಬದಲಾಯಿಸೋರು ವರ್ಷ ಕಾಯಬೇಕಿಲ್ಲ ಅಂದ್ರು. ಅದೇ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸೋ ಜಾಹೀರಾತಿಗೆ ದುಡ್ಡು ತಗೋಬಹುದು ಅಂತಾಯ್ತು. ಇವೆರಡೂ ಒಂದೇ ವರ್ಷ ಬಂದಿದ್ದೇ ಎಲ್ಲ ಗದ್ದಲಕ್ಕೂ ಮೂಲ. ಬಾಗಿಲೂ ತೆಗೀತು, ಹೊರಗೆ ದುಡ್ಡು ಹಿಡಿದು ನಿಂತವರೂ ಇದ್ದರು. ಎರಡನೇ ಸಲ ಹೋಗೋರು ಕಾಯಲೇಬೇಕು ಅಂತ ಉಳಿದಿದ್ದ ಕೊನೆಯ ಕಟ್ಟಳೆಯನ್ನ 2023ರ ಡಿಸೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾದ ಫೆಡರಲ್ ಕೋರ್ಟ್ ತಡೆಹಿಡೀತು. 2024ರ ಏಪ್ರಿಲ್‌ನಲ್ಲಿ ಎನ್‌ಸಿಎಎ ತಾನೇ ಅದನ್ನ ಕೈಬಿಡ್ತು. ಓದಿನಲ್ಲಿ ಪಾಸಾಗ್ತಾ ಇದ್ದರೆ ವರ್ಷಕ್ಕೊಂದು ಕಾಲೇಜು ಬದಲಾಯಿಸಿದರೂ ಕಾಯಬೇಕಿಲ್ಲ ಅಂತಾಯ್ತು.

ಇನ್ನು ಸಹಿಯ ವಿಷಯ. ನಿಮ್ಮ ರೂಮ್‌ಮೇಟ್ ಯಾರನ್ನ ಬೈತಿದ್ದಾನೋ ಗೊತ್ತಿಲ್ಲ, ಇಲ್ಲಿ ಮ್ಯಾಡಿಸನ್‌ನಲ್ಲಿ ನಡೆದದ್ದನ್ನೇ ಹೇಳ್ತೀನಿ. ಝೇವಿಯರ್ ಲೂಕಸ್ ಅನ್ನೋ ಡಿಫೆಂಡರ್ 2024ರ ಡಿಸೆಂಬರ್‌ನಲ್ಲಿ ಇಲ್ಲಿನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜತೆ ದುಡ್ಡಿನ ಎರಡು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದ. ಅದೇ ತಿಂಗಳು ತನ್ನ ಹೆಸರು ಪೋರ್ಟಲ್‌ಗೆ ಹಾಕಿ ಅಂದ, ತನ್ನ ಊರು ಫ್ಲೋರಿಡಾದ ಕಡೆ ಹೋಗಬೇಕಿತ್ತು. ಒಪ್ಪಂದ ಇದೆ, ಹಾಕಲ್ಲ ಅಂತು ಕಾಲೇಜು. ಥೇಟ್ ನಮ್ಮ ಟಿ.ಸಿ. ಆದರೆ ಅವನು ಬೆಂಚಿನ ಮೇಲೆ ಕಾಯುತ್ತಾ ಕೂರಲಿಲ್ಲ. 2025ರ ಜನವರಿಯಲ್ಲಿ ಇಲ್ಲಿಂದ ಹೆಸರು ತೆಗೆಸಿ, ಮಯಾಮಿ ವಿಶ್ವವಿದ್ಯಾಲಯಕ್ಕೆ ಸಾಮಾನ್ಯ ವಿದ್ಯಾರ್ಥಿ ಥರ ಸೇರಿಬಿಟ್ಟ! ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಸೇರಿ ತಕ್ಷಣ ಆಡೋದಕ್ಕೆ ತನ್ನ ನಿಯಮದಲ್ಲಿ ಅಡ್ಡಿ ಇಲ್ಲ ಅಂತ ಎನ್‌ಸಿಎಎ ಹೇಳ್ತು. ಪೋರ್ಟಲ್‌ಗೆ ಇದ್ದ ಮರ್ಯಾದೆ ಅವತ್ತೇ ಹೋಯ್ತು ಅನ್ನಿ.

ಜೂನ್‌ನಲ್ಲಿ ವಿಸ್ಕಾನ್ಸಿನ್ ಇಲ್ಲಿನ ಕೋರ್ಟಿಗೆ ಹೋಯ್ತು. ಗಮನಿಸಿ, ಹುಡುಗನ ಮೇಲಲ್ಲ, ಮಯಾಮಿ ಮೇಲೆ: ಗೊತ್ತಿದ್ದೂ ನಮ್ಮ ಒಪ್ಪಂದ ಕೆಡಿಸಿದ್ರಿ ಅಂತ. ಹುಡುಗನ ಮೇಲೆ ಕೇಸು ಹಾಕಿದರೆ ಮುಂದಿನ ವರ್ಷ ಯಾವ ತಾಯಿ ಮಗನನ್ನ ಇಲ್ಲಿಗೆ ಕಳಿಸ್ತಾಳೆ? ಅಷ್ಟು ವ್ಯವಹಾರಜ್ಞಾನ ಅವರಿಗಿದೆ. ಆ ಒಪ್ಪಂದಕ್ಕೂ ಒಂದು ತೊಡಕಿತ್ತು. ಸಹಿ ಬಿದ್ದಾಗ ಕಾಲೇಜುಗಳು ನೇರವಾಗಿ ದುಡ್ಡು ಕೊಡೋದಕ್ಕೆ ಇನ್ನೂ ಅವಕಾಶವೇ ಇರಲಿಲ್ಲ. ಕೋರ್ಟಿನಲ್ಲಿ ನಡೀತಿದ್ದ ಒಂದು ರಾಜಿಗೆ ಒಪ್ಪಿಗೆ ಸಿಕ್ಕರೆ ಮಾತ್ರ ಅದು 2025ರ ಜುಲೈ 1ರಿಂದ ಜಾರಿ. ಇನ್ನೂ ಹುಟ್ಟದ ಕರುವಿಗೆ ಹಗ್ಗ ಹೊಸೆದಿಟ್ಟ ಹಾಗೆ.

ಆ ರಾಜಿಯೇ ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ 'ಹೌಸ್' ಪ್ರಕರಣದ್ದು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಪ್ಪಿದ್ರು. ಹಳೇ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಬಾಕಿ. ಮುಂದೆ ಪ್ರತಿ ಕಾಲೇಜೂ ಎಲ್ಲ ಆಟಗಳೂ ಸೇರಿ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್ ತನಕ ಹಂಚಬಹುದು. ಹೊರಗಿನ ಜಾಹೀರಾತು ದುಡ್ಡು 600 ಡಾಲರ್ ದಾಟಿದರೆ ಲೆಕ್ಕ ಒಪ್ಪಿಸಬೇಕು. ಇದನ್ನೆಲ್ಲ ಕಾಯೋಕೆ ಕಾಲೇಜ್ ಸ್ಪೋರ್ಟ್ಸ್ ಕಮಿಷನ್ ಅಂತ ಹೊಸ ಸಂಸ್ಥೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರು.

ಹಾಗಾದ್ರೆ ಕಾವಲುಗಾರ ಎನ್‌ಸಿಎಎ ಕೈಲಿ ದೊಣ್ಣೆ ಯಾಕಿಲ್ಲ? ನೀವು ಕೇಳಬೇಕಾದ ಪ್ರಶ್ನೆ ಇದೇ. ದೊಣ್ಣೆ ಒಂದು ಕಾಲಕ್ಕೆ ಇತ್ತು. ಆಟಗಾರರಿಗೆ ಗುಟ್ಟಾಗಿ ದುಡ್ಡು ಕೊಟ್ಟರು ಅಂತ ಟೆಕ್ಸಸ್‌ನ ಎಸ್‌ಎಂಯು ಅನ್ನೋ ಕಾಲೇಜಿನ ತಂಡದ 1987ರ ಇಡೀ ಸೀಸನ್ನೇ ರದ್ದು ಮಾಡಿದ್ದರು. ಈಗ ಎನ್‌ಸಿಎಎ ಏನೇ ಮುಟ್ಟಿದರೂ ಕೋರ್ಟು. ವೃತ್ತಿ ಫುಟ್‌ಬಾಲ್‌ನ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆಟಗಾರರಿಗೆ ಯೂನಿಯನ್ ಇದೆ. ಸಂಬಳದ ಮಿತಿ, ವಲಸೆಯ ನಿಯಮ ಎಲ್ಲ ಅವರೇ ಕೂತು ಒಪ್ಪಿದ್ದು, ಅದಕ್ಕೇ ಕಾನೂನಿನ ಮುಂದೆ ನಿಲ್ಲುತ್ತೆ. ಕಾಲೇಜುಗಳು ಮಾತ್ರ ಇವರು ವಿದ್ಯಾರ್ಥಿಗಳು, ನೌಕರರಲ್ಲ ಅಂತ ದಶಕಗಳಿಂದ ಹಟ ಹಿಡಿದಿವೆ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಆಟಗಾರರು ಯೂನಿಯನ್ ಕಟ್ಟೋಕೆ ಹೊರಟಾಗ 2015ರಲ್ಲಿ ಕಾರ್ಮಿಕ ಮಂಡಳಿ ಆ ವಿಷಯಕ್ಕೇ ಕೈ ಹಾಕಲ್ಲ ಅಂತು. ನೌಕರ ಅಲ್ಲದವನ ಮೇಲೆ ನೌಕರನ ಕಟ್ಟುಪಾಡು ಹೇರೋದು ಹೇಗೆ? ಯೂನಿಯನ್ ಒಪ್ಪದ ನಿಯಮ ಅಂದ್ರೆ, ಎಲ್ಲ ಕಾಲೇಜೂ ಸೇರಿಕೊಂಡು ಮಾರುಕಟ್ಟೆ ಕಟ್ಟಿಹಾಕಿದ ಹಾಗೆ. 2021ರಲ್ಲಿ ಆಲ್ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 9-0 ತೀರ್ಪಿನಲ್ಲಿ, ಹಾಗೆ ಮಾರುಕಟ್ಟೆ ಕಟ್ಟಿಹಾಕೋದನ್ನ ತಡೆಯೋ ಕಾನೂನು ಎನ್‌ಸಿಎಎಗೂ ಅನ್ವಯ ಅಂತು. ನನ್ನ ಪ್ರಕಾರ ಆಟಗಾರರ ದುರಾಸೆ ಇಲ್ಲಿ ಸಣ್ಣ ವಿಷಯ. ಸಂಬಳ ಕೊಡ್ತೀವಿ, ಆದರೆ ಧಣಿ ಅಂತ ಕರೀಬೇಡಿ ಅನ್ನೋ ಕಾಲೇಜುಗಳದ್ದೇ ದೊಡ್ಡ ತಪ್ಪು.

ಕಾಲೇಜುಗಳ ಅಳಲಿಗೆ ನನಗೆ ಕಣ್ಣೀರು ಬರದಿರೋಕೆ ಇನ್ನೊಂದು ಕಾರಣ ಟೆನೆಸಿ. ಆಟಗಾರರನ್ನ ಸೆಳೆಯೋಕೆ ಹಣದ ಮಾತಾಡಬಾರದು ಅನ್ನೋ ನಿಯಮದ ವಿರುದ್ಧ ಆ ರಾಜ್ಯದ ಅಟಾರ್ನಿ ಜನರಲ್ಲೇ ಕೋರ್ಟಿಗೆ ಹೋಗಿ, 2024ರ ಫೆಬ್ರವರಿಯಲ್ಲಿ ತಡೆ ತಂದ್ರು. ಆ ಗಲಾಟೆಯ ನಡುವೆ ಇದ್ದವನು ಟೆನೆಸಿ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ (ತಂಡದ ಆಟ ನಡೆಸೋ, ಚೆಂಡು ಎಸೆಯೋ ಆಟಗಾರ) ನಿಕೊ ಯಾಮಲಿಯಾವ. ಮರುವರ್ಷ ಏಪ್ರಿಲ್‌ನಲ್ಲಿ ದುಡ್ಡಿನ ತಕರಾರಿನ ಸುದ್ದಿ ಹಬ್ಬಿತು, ಒಂದು ದಿನ ಅವನು ಅಭ್ಯಾಸಕ್ಕೇ ಬರಲಿಲ್ಲ. ಕೆಲವೇ ದಿನದಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಸೇರಿದ್ದ. ಬೇಲಿ ಕಿತ್ತವರ ಹೊಲದ ಹಸುವೇ ಮೊದಲು ಆಚೆ ಹೋಯ್ತು.

ಬಾಯಿ ಮಾತು ನಂಬಿ ಕೆಟ್ಟ ಹುಡುಗರೂ ಇದ್ದಾರೆ. ಲಾಸ್ ವೇಗಸ್‌ನ ಯುಎನ್‌ಎಲ್‌ವಿ ಕಾಲೇಜಿನ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಲೂಕಾ 2024ರಲ್ಲಿ ಮೂರಕ್ಕೆ ಮೂರು ಪಂದ್ಯ ಗೆಲ್ಲಿಸಿ ಸೀಸನ್ ಮಧ್ಯೆ ಎದ್ದು ಹೋದ. ಒಂದು ಲಕ್ಷ ಡಾಲರ್ ಕೊಡ್ತೀವಿ ಅಂದಿದ್ರು, ಕೊಡಲಿಲ್ಲ ಅಂತ ಅವನ ಕಡೆಯವರು; ಹಾಗೆ ಒಪ್ಪಿರಲೇ ಇಲ್ಲ ಅಂತ ಕಾಲೇಜು. ಕಾಗದದ ಮೇಲೆ ಏನೂ ಇರಲಿಲ್ಲ.

ಸಹಿಗೆ ಬೆಲೆ ಇದೆಯಾ ಅಂದ್ರೆ: ದುಡ್ಡು ವಾಪಸ್ ಕೇಳೋಕೆ ಇದೆ, ಆಟಗಾರನನ್ನ ಕಟ್ಟಿಹಾಕೋಕೆ ಇಲ್ಲ. ಈಗೀಗ ಒಪ್ಪಂದಗಳಲ್ಲಿ ಬಿಟ್ಟು ಹೋದರೆ ಇಷ್ಟು ಕಟ್ಟಬೇಕು ಅಂತ ಬರೆಸಿಕೊಳ್ತಾರೆ. ಹೊಸ ಕಾಲೇಜು ಅದನ್ನ ಕಟ್ಟಿ ಕರ್ಕೊಂಡು ಹೋಗೋ ಕಾಲ ಬಂದರೆ ಅದು ಹಳೇ ಕ್ಲಬ್‌ಗೆ ದುಡ್ಡು ಕೊಟ್ಟು ಆಟಗಾರನನ್ನ ಕೊಳ್ಳೋ ಯುರೋಪಿನ ಫುಟ್‌ಬಾಲ್ (ಸಾಕರ್) ಥರಾನೇ ಆಗುತ್ತೆ.

ಮುಂಚೆ ಪೋರ್ಟಲ್‌ಗೆ ಹೆಸರು ಹಾಕಿಸೋಕೆ ಚಳಿಗಾಲಕ್ಕೊಂದು, ವಸಂತಕ್ಕೊಂದು ಅವಧಿ ಇತ್ತು. 2026ರಲ್ಲಿ ಒಂದೇ ಮಾಡಿ, ಜನವರಿ 2ರಿಂದ 16ರವರೆಗೆ ಇಟ್ಟರು. ಮುಂದಿನ ಸಲವೂ ಇಂಥದ್ದೇ ಹದಿನೈದು ದಿನ ಬಂದರೆ, ಆಗ ರೂಮ್‌ಮೇಟ್ ಹತ್ತಿರ ಬಾಡಿಗೆ, ಕರೆಂಟ್ ಬಿಲ್ಲಿನ ಮಾತು ಎತ್ತಬೇಡಿ.