ರಾತ್ರಿ ಹತ್ತೂವರೆಯ ಫೋನ್

"ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ." ದ್ವಿತೀಯ ಪಿಯುಸಿ ಮಕ್ಕಳ ಪಾಲಕರು ನನ್ನ ಬಳಿ ತರುವ ದೂರು ಹೆಚ್ಚುಕಡಿಮೆ ಇದೊಂದೇ. ಬಾದಾಮಿ, ಬ್ರಾಹ್ಮಿ, ಜ್ಞಾಪಕಶಕ್ತಿಯ ಸಿರಪ್ ಎಲ್ಲ ಮುಗಿದ ಮೇಲೆ ಆಪ್ತಸಲಹೆಯ ಸರದಿ. ಈ ಹುಡುಗಿಯೂ ಹಾಗೆಯೇ ಬಂದಳು (ಗುರುತಿನ ವಿವರಗಳನ್ನು ಬದಲಿಸಿದ್ದೇನೆ). ಹಾಸ್ಟೆಲ್ ವಾಸ, ನೀಟ್ ತಯಾರಿ. ದಿನವೂ ರಾತ್ರಿ ಹತ್ತೂವರೆಗೆ ತಂದೆ ಫೋನ್ ಮಾಡಿ ಅಂದಿನ ಟೆಸ್ಟಿನ ಅಂಕ ಕೇಳುತ್ತಿದ್ದರು.

ಎರಡನೇ ಭೇಟಿಗೆ ಅವರನ್ನೂ ಕರೆಸಿದೆ. ನಿನ್ನೆ ರಾತ್ರಿ ಏನು ಓದಿದೆ ಎಂದು ಮಗಳನ್ನು ಕೇಳಿದೆ. "ಆಲ್ಡಿಹೈಡ್, ಕೀಟೋನ್" ಎಂದಳು. ಒಂದು ರಾಸಾಯನಿಕ ಕ್ರಿಯೆ ಬರೆಯಲು ಹೊರಟವಳ ಪೆನ್ನು ಬಾಣದ ಗುರುತಿನ ಬಳಿಯೇ ನಿಂತಿತು. ಅಪ್ಪ ಏನೆಂದರು ಎಂದು ಕೇಳಿದೆ. ತಲೆ ಎತ್ತದೆ ಒಪ್ಪಿಸಿದಳು: "'ಫೀಸಿಗೆ ಎರಡು ಎಮ್ಮೆ ಮಾರಿದ್ದೇನೆ, ಮೂರನೆಯದನ್ನೂ ಮಾರಿಸುತ್ತೀಯಾ' ಎಂದರು."

ತಂದೆ ಅಲ್ಲಗಳೆಯಲಿಲ್ಲ. "ಮಲಗುವ ಮುಂಚೆ ಹೇಳಿದ್ದು ಮನಸ್ಸಿನಲ್ಲಿ ಉಳಿಯುತ್ತದಲ್ಲ ಮೇಡಂ, ಅದಕ್ಕೇ ಆ ಹೊತ್ತಿಗೆ ಹೇಳುತ್ತೇನೆ." ಅವರ ಮಾತು ಸುಳ್ಳಲ್ಲ. ಉಳಿದದ್ದು ಅದೊಂದೇ.

ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ದೇಹಕ್ಕೆ ಬೇಕಾದದ್ದೇ. ಆದರೆ ನಡುರಾತ್ರಿಯ ಆಸುಪಾಸಿನಲ್ಲಿ ಅದು ತೀರಾ ಇಳಿದಿರುತ್ತದೆ, ನಸುಕಿಗೆ ಏರುತ್ತದೆ. ಗಾಢನಿದ್ರೆ ಹೆಚ್ಚಿರುವುದು ರಾತ್ರಿಯ ಮೊದಲರ್ಧದಲ್ಲಿ; ಹಗಲು ಓದಿದ್ದನ್ನು ಮಿದುಳಿನ ಹಿಪೊಕ್ಯಾಂಪಸ್ ಗಟ್ಟಿ ಮಾಡಿಕೊಳ್ಳುವುದೂ ಆಗಲೇ. ಜರ್ಮನಿಯ ಯಾನ್ ಬಾರ್ನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಈ ಮೊದಲ ನಿದ್ರೆಯ ವೇಳೆ ರಕ್ತಕ್ಕೆ ಕಾರ್ಟಿಸಾಲ್ ಹರಿಸಿದಾಗ, ಕಲಿತ ಪದಜೋಡಿಗಳ ನೆನಪು ಕುಗ್ಗಿತು. ಕನ್ನಡಿ ನೋಡಿ ಗೆರೆ ಎಳೆಯುವ ಕೈಚಳಕಕ್ಕೆ ಏನೂ ಆಗಲಿಲ್ಲ. ಅತ್ತ, ಮನಸ್ಸು ಕಲಕಿದ ಘಟನೆ ಒತ್ತಡದಲ್ಲಿ ಇನ್ನಷ್ಟು ಆಳಕ್ಕೆ ಇಳಿಯುತ್ತದೆ.

ಪ್ರಯೋಗಾಲಯದ ಡ್ರಿಪ್ಪೂ ಅಪ್ಪನ ಬೈಗುಳವೂ ಒಂದೇ ಅಲ್ಲ, ಗೊತ್ತು. "ಓದುವ ಕ್ರಮ ತಿದ್ದುವುದು ಬಿಟ್ಟು ತಂದೆಯನ್ನು ದೂರುತ್ತೀಯಾ" ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ದೂರಲಿಲ್ಲ, ಹೊತ್ತು ಬದಲಿಸಿದೆ, ಅಷ್ಟೇ. ಕರೆ ಸಂಜೆ ಐದೂವರೆಗೆ ಬರಲಿ. ರಾತ್ರಿ ತಾಯಿ ಮಾತನಾಡಲಿ, ಅಂಕದ ಸುದ್ದಿ ಬೇಡ. ಹನ್ನೊಂದರೊಳಗೆ ದೀಪ ಆರಲಿ. ಮೂರು ಗಂಟೆಗೆ ಎದ್ದು ಕೂರುವ ಹಟ ಬಿಡಲಿ. ಖರ್ಚಿಲ್ಲದ, ಅಡ್ಡಪರಿಣಾಮವಿಲ್ಲದ ಇಂಥ ಸಲಹೆ ಕೊಡಲು ಇನ್ನೂ ಹತ್ತು ಪ್ರಯೋಗ ಆಗುವವರೆಗೆ ನಾನೇಕೆ ಕಾಯಬೇಕು?

"ಹಾಗಾದರೆ ಬೈಯಲೇಬಾರದೇ?" ಎಂದು ತಂದೆ ಕೇಳಿದರು. ಬೈಯಲೇಬೇಕೆಂದರೆ ಸಂಜೆಯೇ ಬೈದು ಮುಗಿಸಿ ಎಂದೆ.

ಅವಳೀಗ ಬೆಳಗ್ಗೆ ಪುಸ್ತಕ ಮುಚ್ಚಿಟ್ಟು ಹಿಂದಿನ ದಿನದ್ದನ್ನು ಬರೆದು ನೋಡುತ್ತಾಳೆ. ಅಂಕ ಹೇಳಿಕೊಳ್ಳುವಷ್ಟು ಏರಿಲ್ಲ. ನಿದ್ದೆ ಮಾತ್ರ ಚೆನ್ನಾಗಿ ಬರುತ್ತಿದೆ. ಎಮ್ಮೆಯ ಮಾತು ಐದೂವರೆಗೆ ಈಗಲೂ ಬರುತ್ತದಂತೆ.