ಅದಿರು ತೆಗೆದ ಹೊಲಕ್ಕೆ ಯಾವ ಗೊಬ್ಬರ?

ಪ್ರಶ್ನೆ: ಸರ್, ನಮ್ದು ಸಂಡೂರು ಕಡೆ 4 ಎಕರೆ ಪಟ್ಟಾ ಜಮೀನು. ಚೀನಾಕ್ಕೆ ಅದಿರು ಹೋಗ್ತಿದ್ದ ಟೈಮಲ್ಲಿ, 2006ರಲ್ಲಿ, ನಮ್ಮಪ್ಪ ಫ್ಲೋಟ್ ಅದಿರಿಗೆ (ಮೇಲ್ಮಣ್ಣಲ್ಲೇ ಬಿಡಿಬಿಡಿಯಾಗಿ ಸಿಗೋ ಅದಿರು) ಅಂತ ಒಬ್ಬ ಕಾಂಟ್ರಾಕ್ಟರಿಗೆ ಕೊಟ್ಟಿದ್ರು, ಅವನು ಆಳುದ್ದ ತೋಡ್ಕೊಂಡು ಗುಂಡಿ ಹಂಗೇ ಬಿಟ್ಟು ಹೋದ. ಹೋದ ವರ್ಷ ಸಾಲ ಮಾಡಿ ಜೆಸಿಬಿಲಿ ಲೆವೆಲ್ ಮಾಡಿಸಿ ಜೋಳ ಬಿತ್ತಿದ್ವಿ. ಗೇಣುದ್ದ ಬಂದು ಎಲೆ ನೇರಳೆ ಬಣ್ಣಕ್ಕೆ ತಿರುಗಿ ನಿಂತೋಯ್ತು. ಡಿಎಪಿ ಎರಚಿದ್ರೂ ಏನೂ ಆಗ್ಲಿಲ್ಲ. ಇನ್ನು ಯಾವ ಗೊಬ್ಬರ ಹಾಕ್ಲಿ?

ಉತ್ತರ: ಸದ್ಯ ಗೊಬ್ಬರದಂಗಡಿ ಕಡೆ ಹೋಗ್ಬೇಡಿ. ಎಲೆ ನೇರಳೆ ಆಗಿದೆ ಅಂದ್ರೆ ಸಾಮಾನ್ಯವಾಗಿ ರಂಜಕ ಸಿಕ್ತಿಲ್ಲ ಅಂತ, ನೀವು ಡಿಎಪಿಲಿ ಕೊಟ್ಟಿದ್ದೂ ರಂಜಕನೇ, ಆದ್ರೆ ಅಲ್ಲಿರೋ ಕಬ್ಬಿಣದಂಶ ಅದನ್ನ ಹಿಡ್ಕೊಂಡು ಬಿಡತ್ತೆ, ಬೇರಿನ ಪಾಲಿಗೆ ಬರಲ್ಲ. ಮುಂದೆ ಹಾಕೋದಾದ್ರೂ ಎರಚ್ಬೇಡಿ, ಕೊಟ್ಟಿಗೆ ಗೊಬ್ಬರದ ಜೊತೆ ಕಲಸಿ ಸಾಲಲ್ಲೇ ಬೀಳೋ ಹಾಗೆ ಹಾಕಿ.

ಮೊದಲು ಒಂದು ಕೆಲಸ ಮಾಡಿ. ಹೊಲದಲ್ಲಿ ಒಂದು ಅಡಿ ಗುಂಡಿ ತೆಗೆದು ಒಂದು ಕೊಡ ನೀರು ಹುಯ್ದು ಬೆಳಿಗ್ಗೆ ಹೋಗಿ ನೋಡಿ, ನೀರು ಇನ್ನೂ ನಿಂತಿದ್ರೆ ಜೆಸಿಬಿ, ಟಿಪ್ಪರ್ ಓಡಾಡಿ ಕೆಳಗೆ ಹಾಸುಗಲ್ಲಿನ ಥರ ಗಟ್ಟಿಯಾಗಿದೆ ಅಂತ ಲೆಕ್ಕ, ಅದರೊಳಗೆ ಯಾವ ಬೇರೂ ಇಳಿಯಲ್ಲ. ಬೇಸಿಗೆಲಿ ಮಣ್ಣು ಪೂರ್ತಿ ಒಣಗಿದಾಗ ಟ್ರ್ಯಾಕ್ಟರಿಗೆ ಸಬ್‌ಸಾಯ್ಲರ್ (ನೆಲನ ಆಳಕ್ಕೆ ಸೀಳೋ ನೇಗಿಲು) ಹಾಕ್ಸಿ ಇಳಿಜಾರಿಗೆ ಅಡ್ಡಡ್ಡ ಒಂದೂವರೆ ಅಡಿ ಸೀಳಿಸಿ. ಹಸಿ ಇದ್ದಾಗ ಮಾಡ್ಸಿದ್ರೆ ಬಾಡಿಗೆ ದಂಡ, ಮಣ್ಣು ಒಡೆಯಲ್ಲ, ಬರೀ ಗೆರೆ ಬೀಳತ್ತೆ.

ಆಮೇಲೆ ಕೆರೆ ಗೋಡು, ಅಂದ್ರೆ ಕೆರೆ ಹೂಳು. ಕಲ್ಲುಪುಡಿಯಂಥ ಮಣ್ಣಿಗೆ ಜಿಗುಟು ಕೊಟ್ಟು ನೀರು ಹಿಡಿಸೋಕೆ ನಿಮ್ಮ ಕಡೆ ಇದಕ್ಕಿಂತ ಸುಲಭದ್ದು ಇಲ್ಲ, ಆದ್ರೆ ಹೊಡೆಸೋ ಮುಂಚೆ ಚೌಳು ಇದೆಯಾ ಅಂತ ಟೆಸ್ಟ್ ಮಾಡ್ಸಿ, ನಿಮ್ಮ ಹೊಲದ ಮಣ್ಣನ್ನೂ ಅದರ ಜೊತೇಲೇ ಕೊಡಿ. ಸಾವಯವ ಇಂಗಾಲ (ಕೊಳೆತ ಸೊಪ್ಪು, ಗೊಬ್ಬರದಿಂದ ಮಣ್ಣಿಗೆ ಸೇರೋ ಅಂಶ) 0.5 ಪರ್ಸೆಂಟಿಗಿಂತ ಕಮ್ಮಿ ಇದ್ರೆ ರಿಪೋರ್ಟಲ್ಲಿ ಕಡಿಮೆ ಅಂತ ಬರೀತಾರೆ, ನಿಮ್ದು ಅದರ ಹತ್ರಾನೂ ಇರಲ್ಲ ಅನ್ಸತ್ತೆ, ಗಾಬರಿ ಆಗ್ಬೇಡಿ.

ಮುಂಗಾರಿಗೆ ಜೋಳ ಬೇಡ, ಹಸಿರೆಲೆ ಗೊಬ್ಬರಕ್ಕೆ ಬಿತ್ತೋ ಸೆಣಬು ಹಾಕಿ, ಎಕರೆಗೆ 20 ಕೆಜಿ ಬೀಜ. ಬೀಜಕ್ಕೆ ರೈಜೋಬಿಯಂ (ಬೇರಲ್ಲಿ ಗಂಟು ಕಟ್ಟಿ ಸಾರಜನಕ ಹಿಡಿಯೋ ಜೀವಾಣು) ಹಚ್ಚೇ ಬಿತ್ತಿ, ಯಾಕಂದ್ರೆ ಆಳದಿಂದ ಮೇಲೆ ಬಂದ ಮಣ್ಣಲ್ಲಿ ಆ ಜೀವಾಣು ಇರೋದು ಅನುಮಾನ. ಬಿತ್ತಿ ಒಂದು ತಿಂಗಳಾದ್ಮೇಲೆ ಒಂದು ಗಿಡ ನಿಧಾನ ಅಗೆದು ಬೇರಿನ ಗಂಟು ಉಗುರಲ್ಲಿ ಸೀಳಿ ನೋಡಿ, ಒಳಗೆ ಗುಲಾಬಿ ಬಣ್ಣ ಇದ್ರೆ ಸಾರಜನಕ ಹಿಡೀತಿದೆ, ಬಿಳಿಚಿಕೊಂಡಿದ್ರೆ ಇಲ್ಲ. ಹೂ ಬರೋ ಹೊತ್ತಿಗೆ, 45 ದಿನದ ಆಸುಪಾಸು, ಮಣ್ಣಲ್ಲಿ ಹಸಿ ಇದ್ದಾಗಲೇ ಮಗುಚಿ ಹಾಕಿ. ಸುಗ್ಗಿ ಮುಗಿದ್ಮೇಲೆ ಕುರಿಯವರನ್ನ ಹಿಡಿದು ಮಂದೆ ತರುಬಿಸಿ, ಅವರು ಕೇಳೋ ಕಾಳು ದುಡ್ಡು ಜಾಸ್ತಿ ಅನ್ಸಿದ್ರೂ ಕೊಡಿ, ಹಿಕ್ಕೆ ಗಂಜಲ ಎರಡೂ ಹೊಲದಲ್ಲೇ ಬೀಳತ್ತಲ್ಲ. ಬದುವಿನ ಮೇಲೆ ಗ್ಲಿರಿಸಿಡಿಯಾ (ಸೊಪ್ಪಿನ ಗೊಬ್ಬರದ ಮರ) ನೆಟ್ರೆ ಮುಂದಕ್ಕೆ ಸೊಪ್ಪು ಹೊರಗಿಂದ ತರೋದು ತಪ್ಪತ್ತೆ.

ಇದೆಲ್ಲ 4 ಎಕರೆಗೂ ಒಟ್ಟಿಗೆ ಮಾಡೋಕೆ ಹೋಗಿ ಮತ್ತೆ ಸಾಲ ಮಾಡ್ಬೇಡಿ, ಈ ವರ್ಷ ಅರ್ಧ ಎಕರೆ ಸಾಕು. ಎರಡನೇ ವರ್ಷ ಅದರಲ್ಲೇ ಹುರುಳಿ, ಆಮೇಲೆ ಜೋಳದ ಮಾತು.

ಪ್ರಶ್ನೆ: ನಮ್ಮ ಹೊಲದಲ್ಲಿ ಮೊರಂ ತೆಗೆಯೋವಾಗ ಮೇಲ್ಮಣ್ಣು ಬೇರೆ ಗುಡ್ಡೆ ಹಾಕ್ಸಿದ್ವಿ, 6 ವರ್ಷ ಆಯ್ತು. ಈಗ ಅದನ್ನೇ ಹರಡಿದ್ರೆ ಸಾಕಲ್ವಾ?

ಉತ್ತರ: ಬೇರೆ ಇಡಿಸಿದ್ದೇ ದೊಡ್ಡ ಕೆಲಸ, ಎಷ್ಟೋ ಜನಕ್ಕೆ ಆ ಗುಡ್ಡೆನೂ ಉಳಿದಿಲ್ಲ. ಆದ್ರೆ ಎತ್ತರದ ಗುಡ್ಡೆ ಒಳಗೆ ಗಾಳಿ ಆಡಲ್ಲ, ಎರೆಹುಳ, ಬೇರಿನ ಜೊತೆ ಬದುಕೋ ಶಿಲೀಂಧ್ರ ಬಹುಪಾಲು ಸತ್ತಿರತ್ತೆ. ಮೊದಲು ಕೆಳಗಿನ ನೆಲ ಸೀಳಿಸಿ, ಆಮೇಲೆ ಹರಡಿ, ಪಕ್ಕದ ಒಳ್ಳೆ ಹೊಲದ್ದು ನಾಲ್ಕು ಪುಟ್ಟಿ ಮಣ್ಣನ್ನ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಹೆಪ್ಪು ಹಾಕಿದ ಹಾಗೆ ಅಲ್ಲಲ್ಲಿ ಹಾಕಿ, ಮಳೆ ಬಿದ್ದ ತಕ್ಷಣ ಹುರುಳಿ ಚೆಲ್ಲಿ. ಹರಡಿದ ಮೇಲೆ ಟ್ರ್ಯಾಕ್ಟರ್ ಓಡಾಟ ಆದಷ್ಟು ಕಮ್ಮಿ ಮಾಡಿ.