ರೇಸಿಂಗ್ ಕಂಟ್ರಿ ಕ್ಲಬ್ ಸೇರುವ ಮೊದಲು ದಿನ ಎಣಿಸಿ

ಸರ್, ನಿಮ್ಮ ಪ್ರಶ್ನೆ ಓದಿದೆ. ಶಿಕಾಗೋ ಕಡೆ ಮನೆ, ಹೊಸದಾಗಿ ತಂದ ಎರಡು ಸೀಟಿನ ಸ್ಪೋರ್ಟ್ಸ್ ಕಾರು, ಟ್ರ್ಯಾಕಿಗೆ ಇನ್ನೂ ಒಮ್ಮೆಯೂ ಇಳಿದಿಲ್ಲ. ಅಲ್ಲೇ ಹತ್ತಿರದ ಜೋಲಿಯೆಟ್ ಊರಿನಲ್ಲಿ, ಸದಸ್ಯರು ತಮ್ಮ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಆಟೋಬಾನ್ ಕಂಟ್ರಿ ಕ್ಲಬ್‌ಗೆ ಈಗಲೇ ಸದಸ್ಯತ್ವ ತಗೊಳ್ಳಬಹುದಾ ಎಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ, ಈ ವರ್ಷ ಬೇಡ. ಯಾಕೆ ಎಂದು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಅದಕ್ಕೂ ಮೊದಲು, ಇದೇ ಚರ್ಚೆಯಲ್ಲಿ ಇನ್ನೊಬ್ಬರು 'ರೋಡ್ ರೇಸಿಂಗ್ ಅಂದ್ರೆ ರಸ್ತೆ ಮೇಲೆ ಓಡಿಸೋದಾ, ಪೊಲೀಸರು ಬಿಡ್ತಾರಾ' ಎಂದು ಕೇಳಿದ್ದಾರೆ. ಅಲ್ಲ. ಅಮೆರಿಕದಲ್ಲಿ ಎಡಕ್ಕೂ ಬಲಕ್ಕೂ ತಿರುವು ಇರುವ ಟ್ರ್ಯಾಕಿನ ಓಟಕ್ಕೆ ಆ ಹೆಸರು. ಜೋಲಿಯೆಟ್‌ನಲ್ಲೇ ಮೂರು ತರಹದ ಓಟ ನೋಡಬಹುದು. ಶಿಕಾಗೋಲ್ಯಾಂಡ್ ಸ್ಪೀಡ್‌ವೇ 1.5 ಮೈಲಿಯ ಓವಲ್, ಅಂದರೆ ಮೊಟ್ಟೆಯಾಕಾರದ ಟ್ರ್ಯಾಕ್, ಅಲ್ಲಿ ಎಡಕ್ಕೆ ತಿರುಗುವುದೇ ಕೆಲಸ. ಅದರ ಪಕ್ಕದ ರೂಟ್ 66 ರೇಸ್‌ವೇಯಲ್ಲಿ ನೇರಕ್ಕೆ ಓಡುವ ಡ್ರ್ಯಾಗ್ ರೇಸ್. ಆಟೋಬಾನ್‌ನದು ರೋಡ್ ಕೋರ್ಸ್, ಅಂದರೆ ರೋಡ್ ರೇಸಿಂಗ್‌ನ ಟ್ರ್ಯಾಕ್. ಪೂರ್ತಿ ಸುತ್ತು 3.56 ಮೈಲಿ, ಬೇಕಾದಾಗ ಎರಡು ಟ್ರ್ಯಾಕ್ ಮಾಡಿ ಬೇರೆ ಬೇರೆಯಾಗಿಯೂ ಓಡಿಸುತ್ತಾರೆ. ಗಾಲ್ಫ್ ಕ್ಲಬ್ ಇದ್ದ ಹಾಗೇ, ಹುಲ್ಲಿನ ಬದಲು ಡಾಂಬರು ಅಷ್ಟೆ. ಟೆಕ್ಸಸ್‌ನ ಕ್ರೆಸನ್, ನ್ಯೂಯಾರ್ಕ್ ರಾಜ್ಯದ ಮಾಂಟಿಚೆಲ್ಲೊ, ಕ್ಯಾಲಿಫೋರ್ನಿಯಾದ ಥರ್ಮಲ್‌ನಲ್ಲೂ ಇಂಥ ಕ್ಲಬ್‌ಗಳಿವೆ.

ಈಗ ದುಡ್ಡಿನ ವಿಷಯ. ಸೇರುವಾಗ ಒಂದು ದೊಡ್ಡ ಮೊತ್ತ, ಆಮೇಲೆ ಪ್ರತಿ ವರ್ಷ ಶುಲ್ಕ. ಇದರಿಂದ ನಿಮಗೆ ಸಿಗುವುದು ಮುಖ್ಯವಾಗಿ ಟ್ರ್ಯಾಕ್ ಮೇಲಿನ ಸಮಯ. ಸಾಮಾನ್ಯ ಟ್ರ್ಯಾಕ್ ಡೇಯಲ್ಲಿ, ಅಂದರೆ ದಿನದ ದುಡ್ಡು ಕೊಟ್ಟು ನಮ್ಮ ಕಾರನ್ನು ಟ್ರ್ಯಾಕಿನಲ್ಲಿ ಓಡಿಸುವ ಕಾರ್ಯಕ್ರಮದಲ್ಲಿ, ಇಡೀ ದಿನಕ್ಕೆ 20 ನಿಮಿಷದ ನಾಲ್ಕೈದು ಸರದಿ ಸಿಕ್ಕರೆ ಹೆಚ್ಚು. ಕ್ಲಬ್‌ನಲ್ಲಿ ಬುಧವಾರ ಮಧ್ಯಾಹ್ನ ಹೋಗಿ, ಖಾಲಿ ಟ್ರ್ಯಾಕಿನಲ್ಲಿ ಒಂದು ಗಂಟೆ ಓಡಿಸಿ ಬರಬಹುದು. ಆ ಬುಧವಾರ ನಿಮಗೆ ಬಿಡುವಿದೆಯಾ ಎನ್ನುವುದೇ ಪ್ರಶ್ನೆ! ಇಲಿನಾಯ್‌ನಲ್ಲಿ ಹಿಮದ ತಿಂಗಳು ಕಳೆದರೆ ಉಳಿಯುವುದೇ ಏಳೆಂಟು ತಿಂಗಳು. ಅದರಲ್ಲಿ ಮಳೆ, ಮಕ್ಕಳ ಶಾಲೆ, ಆಫೀಸು ಎಲ್ಲಾ ಕಳೆದು ನೋಡಿ. ಉಳಿದ ದಿನಗಳಿಂದ ವರ್ಷದ ಖರ್ಚನ್ನು ಭಾಗಿಸಿ. ನನ್ನ ಲೆಕ್ಕದಲ್ಲಿ ಹತ್ತು ದಿನಕ್ಕಿಂತ ಕಡಿಮೆ ಹೋಗುವವರು ದಿನಕ್ಕಿಷ್ಟು ಎಂದು ಕೊಟ್ಟು ಓಡಿಸುವುದೇ ವಾಸಿ. ಸೇರುವ ಮೊತ್ತ ಬಿಡುವಾಗ ವಾಪಸ್ ಬರುತ್ತದಾ, ಬೇರೆಯವರಿಗೆ ವರ್ಗಾಯಿಸಬಹುದಾ, ಹೆಂಡತಿ ಮಕ್ಕಳು ಓಡಿಸಬಹುದಾ, ಅತಿಥಿಗೆ ಎಷ್ಟು, ಸದಸ್ಯರಿಗೆ ಮೀಸಲಾದ ದಿನ ಎಷ್ಟು, ಬಾಡಿಗೆಗೆ ಕೊಟ್ಟ ದಿನ ಎಷ್ಟು, ಎಕ್ಸಾಸ್ಟ್ ಸದ್ದಿಗೆ ಮಿತಿ ಇದೆಯಾ. ಇವನ್ನೆಲ್ಲ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ನಾನು ಮೂರು ವರ್ಷ ಟ್ರ್ಯಾಕ್ ಡೇಗಳಲ್ಲಿ ಪೆಟ್ಟು ತಿಂದು ಆಮೇಲೆ ಇಂಥದ್ದೇ ಒಂದು ಕ್ಲಬ್ ಸೇರಿದವನು. ಮೊದಲ ವರ್ಷದ ಒಂದು ಮಧ್ಯಾಹ್ನ ಈಗಲೂ ಕಣ್ಣ ಮುಂದಿದೆ. ಮೂರನೇ ಸರದಿ, ಉದ್ದನೆಯ ನೇರದ ಕೊನೆ. ಬ್ರೇಕ್ ತುಳಿದೆ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗೆ ಕೆಳಗೆ ಹೋಯಿತು, ಕಾರು ನಿಧಾನವಾಗಲೇ ಇಲ್ಲ. ಎರಡು ಮೂರು ಸಲ ಪಟಪಟ ತುಳಿದಾಗ ಸ್ವಲ್ಪ ಹಿಡಿಯಿತು, ತಿರುವು ಬಿಟ್ಟು ನೇರ ಹುಲ್ಲಿಗೆ ಇಳಿದು ನಿಂತೆ. ಪಕ್ಕದಲ್ಲಿದ್ದ ಇನ್‌ಸ್ಟ್ರಕ್ಟರ್ ಕೇಳಿದ್ದು ಒಂದೇ ಮಾತು: 'ಬ್ರೇಕ್ ಆಯಿಲ್ ಯಾವಾಗ ಹಾಕಿಸಿದ್ದು?' ಕಾರು ತಗೊಂಡಾಗಿನಿಂದ ಅದನ್ನು ಮುಟ್ಟಿರಲಿಲ್ಲ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಒಳಗೆ ಆವಿಯ ಗುಳ್ಳೆ. ನೀವು ತುಳಿದಾಗ ಗುಳ್ಳೆ ಅಮುಕಿಹೋಗುತ್ತದೆ, ಡಿಸ್ಕನ್ನು ಹಿಡಿಯುವ ಬ್ರೇಕ್ ಪ್ಯಾಡ್ ಒತ್ತುವುದಿಲ್ಲ. ಹಾಗಾಗಿ ಮೊದಲ ದಿನಕ್ಕೆ ಮುಂಚೆ ಆಯಿಲ್ ಬದಲಿಸಿ, ಪ್ಯಾಡ್ ದಪ್ಪ ನೋಡಿ, ವೀಲ್ ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಲ್ಲಿ (ಎಷ್ಟು ಬಿಗಿಯಾಯಿತು ಎಂದು ಅಳೆಯುವ ಸ್ಪ್ಯಾನರ್) ಬಿಗಿ ಮಾಡಿ. ದೊಡ್ಡ ಸ್ಪಾಯ್ಲರ್, ಎಕ್ಸಾಸ್ಟ್ ಎಲ್ಲಾ ಆಮೇಲೆ. ಹೆಲ್ಮೆಟ್, ಅದನ್ನು ಪರೀಕ್ಷಿಸುವ ಸ್ನೆಲ್ ಸಂಸ್ಥೆ ಕಾರ್ ರೇಸಿಂಗ್‌ಗೆ ಕೊಡುವ ಎಸ್‌ಎ ಗುರುತಿನದೇ ಇರಲಿ. ಬೈಕಿನ ಹೆಲ್ಮೆಟ್‌ಗೆ ಬೆಂಕಿ ತಡೆಯುವ ಪರೀಕ್ಷೆ ಇರುವುದಿಲ್ಲ.

ವಿಮೆ ಮರೆಯಬೇಡಿ. ರಸ್ತೆಗೆ ಮಾಡಿಸಿದ ಪಾಲಿಸಿಗಳು ಸಾಮಾನ್ಯವಾಗಿ ಟ್ರ್ಯಾಕಿನಲ್ಲಾದ ಹಾನಿಗೆ ದುಡ್ಡು ಕೊಡುವುದಿಲ್ಲ. ಒಂದು ದಿನದ ಮಟ್ಟಿಗೆ ಬೇರೆ ಟ್ರ್ಯಾಕ್ ವಿಮೆ ಸಿಗುತ್ತದೆ. ಟ್ರ್ಯಾಕಿನ ಅಂಚಿನ ಗಾರ್ಡ್‌ರೇಲ್ ತಡೆಬೇಲಿಗೆ ಗುದ್ದಿದರೆ ಹಲವು ಕಡೆ ಅದರ ಬಿಲ್ಲೂ ನಿಮಗೇ.

ಹಾಗಾದರೆ ಈ ವರ್ಷ ಏನು ಮಾಡೋದು? ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕಾ) ನಡೆಸುವ ಟ್ರ್ಯಾಕ್ ನೈಟ್ ಇನ್ ಅಮೆರಿಕಾ ಕಾರ್ಯಕ್ರಮ ಹೊಸಬರಿಗೇ ಮಾಡಿದ್ದು, ವಾರದ ಮಧ್ಯೆ ಸಂಜೆ ನಡೆಯುತ್ತದೆ. ಅದರಿಂದ ಶುರು ಮಾಡಿ. ಆಮೇಲೆ ಇನ್‌ಸ್ಟ್ರಕ್ಟರ್ ಜೊತೆ ಕೂರುವ ಕಾರ್ಯಕ್ರಮಕ್ಕೆ ಹೋಗಿ. ಹೊಸಬರ ಗುಂಪಿನಲ್ಲಿ ಮುಂದಿನವರು ಕೈ ಹೊರಗೆ ಚಾಚಿ ಬೆರಳು ತೋರಿಸಿದರೆ ಮಾತ್ರ ದಾಟಬೇಕು, ಅದೂ ನೇರದಲ್ಲಿ. ಸುಮ್ನೆ ನುಗ್ಗಿದರೆ ಕಪ್ಪು ಬಾವುಟ ತೋರಿಸಿ ಒಳಗೆ ಕರೆಯುತ್ತಾರೆ. ಸಾಧ್ಯವಾದರೆ ವಿಸ್ಕಾನ್ಸಿನ್‌ನ ರೋಡ್ ಅಮೆರಿಕಾ ಟ್ರ್ಯಾಕಿನಲ್ಲೂ ಒಂದು ದಿನ ಓಡಿಸಿ. 4 ಮೈಲಿ ಉದ್ದದ ಸುತ್ತು, 14 ತಿರುವು, 1955ರಿಂದ ನಡೆಯುತ್ತಿದೆ. ಯಾರಾದರೂ ಸದಸ್ಯರ ಪರಿಚಯ ಇದ್ದರೆ ಅತಿಥಿಯಾಗಿ ಆಟೋಬಾನ್‌ಗೂ ಹೋಗಿ ಬನ್ನಿ. ಊಟದ ಹೊತ್ತಿಗೆ ಪ್ಯಾಡಾಕ್‌ನಲ್ಲಿ, ಅಂದರೆ ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಜಾಗದಲ್ಲಿ, ಕೂತು ನೋಡಿ, ಆ ಜನರ ಜೊತೆ ಹೊಂದುತ್ತದಾ ಅಂತ. ಕ್ಲಬ್‌ನ ಅರ್ಧ ಸುಖ ಅಲ್ಲೇ ಇರೋದು.

ಇನ್ನೊಂದು, ಸರದಿ ಮುಗಿದ ಮೇಲೆ ಕೊನೆಯ ಸುತ್ತು ನಿಧಾನಕ್ಕೆ ಬನ್ನಿ, ಬ್ರೇಕ್ ಆರಲಿ. ನಿಲ್ಲಿಸಿದ ತಕ್ಷಣ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಬಿಸಿ ಪ್ಯಾಡ್ ಡಿಸ್ಕಿಗೆ ಅಂಟುತ್ತದೆ. ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಒಂದು ಮರದ ತುಂಡು ಕೊಡಿ. ಯಾವ ಕಾರು, ಯಾವ ಟೈರು ಎಂದು ತಿಳಿಸಿದರೆ ಗಾಳಿ ಎಷ್ಟು ಇಡಬೇಕು ಎಂದು ಹೇಳುತ್ತೇನೆ.